ಕಸೂತಿಯ ಅಂಚಿನಲ್ಲಿ ಭೌತವಿಜ್ಞಾನ

ಒಂದು ಗೇಣು ಅಗಲದ, ದುಂಡಗಿನ, ಬಿಳಿಯ ಹತ್ತಿಯ ಬಟ್ಟೆ. ಅದರ ನಡುವೆ ಧಾರವಾಡದ ಕಸೂತಿಯ ರೀತಿಯಲ್ಲಿ ಎಳೆಗಳನ್ನು ಎಣಿಸಿ ಎಣಿಸಿ ಹಾಕಿದ ಗೋಪುರವೊಂದು. ಅದರ ಇಕ್ಕೆಲಗಳಲ್ಲಿ ಎರಡು ನವಿಲುಗಳು. ಹೂದಾನಿಯ ಕೆಳಗೆ ಹಾಸಲೆಂದು ಯಾರೋ ತಿಂಗಳೊಪ್ಪತ್ತು ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸವದು. ನೋಡುವವರ ದೃಷ್ಟಿ ಮೊದಲು ಗೋಪುರದ ಮೇಲೆ ಹೋಗುತ್ತದೆ, ಆಮೇಲೆ ನವಿಲುಗಳ ಮೇಲೆ. ಆದರೆ ನಾಲ್ಕು ಸಲ ಒಗೆದ ಬಳಿಕ ಆ ಬಟ್ಟೆ ಮೇಜಿನ ಮೇಲೆಯೇ ಉಳಿಯುವುದೋ ಇಲ್ಲವೇ ಪೆಟ್ಟಿಗೆಯ ತಳ ಸೇರುವುದೋ ಎಂಬುದನ್ನು ನಿರ್ಧರಿಸುವುದು ಗೋಪುರವಲ್ಲ, ನವಿಲೂ ಅಲ್ಲ. ಬಟ್ಟೆಯ ಹೊರಸುತ್ತಿನ ಅರ್ಧ ಅಂಗುಲದ ಪಟ್ಟಿ.

ಆ ಪಟ್ಟಿಗೆ ಲೇಸು ಹಚ್ಚುತ್ತಾರೆ, ಕ್ರೋಶಾ ಕಡ್ಡಿಯಿಂದ ಬಲೆ ಹೆಣೆಯುತ್ತಾರೆ, ಬಣ್ಣದ ಬಟ್ಟೆಯ ಪೈಪಿಂಗ್ ಕೊಡುತ್ತಾರೆ, ಹುರಿಗೊಳಿಸಿದ ದಾರವನ್ನು ಕೂಡಿಸುತ್ತಾರೆ, ಮಣಿ ಪೋಣಿಸುತ್ತಾರೆ, ಕುಚ್ಚು ಬಿಡುತ್ತಾರೆ. ಇವೆಲ್ಲ ಬರಿಯ ಶೃಂಗಾರವೆಂದು ಭಾವಿಸುವುದು ವಾಡಿಕೆ. ವಿಚಾರ ಮಾಡಿ ನೋಡಿದರೆ ಸಂಗತಿ ಬೇರೆ. ಯಂತ್ರವಿಜ್ಞಾನದ ಒಂದು ತೊಡಕಾದ ಪ್ರಶ್ನೆಗೂ ರೇಖಾಗಣಿತದ ಇನ್ನೊಂದು ಪ್ರಶ್ನೆಗೂ ಏಕಕಾಲದಲ್ಲಿ ಉತ್ತರ ಕೊಡಬೇಕಾದ ಜಾಗ ಈ ಅಂಚು. ಆ ಎರಡು ಪ್ರಶ್ನೆಗಳು ಯಾವುವು, ಸೂಜಿ ಹಿಡಿದ ಕೈಗಳು ಅವನ್ನು ಹೇಗೆ ಬಿಡಿಸಿವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಟ್ಟೆ ಬಿಚ್ಚಿಹೋಗದೇಕೆ?

ನೇಯ್ದ ಬಟ್ಟೆಯಲ್ಲಿ ಅಂಟಿಲ್ಲ, ಗಂಟಿಲ್ಲ, ಮೊಳೆಯಿಲ್ಲ. ಉದ್ದಕ್ಕೆ ಹಾಸಿನ ಎಳೆಗಳಿವೆ, ಅಡ್ಡಕ್ಕೆ ಹೊಕ್ಕಿನ ಎಳೆಗಳಿವೆ. ಪ್ರತಿಯೊಂದು ಎಳೆಯೂ ಎದುರಾದ ಒಂದು ಎಳೆಯ ಮೇಲೆ ಹಾಯ್ದು ಮುಂದಿನದರ ಕೆಳಗೆ ನುಸುಳಿ ಹಾವಿನಂತೆ ಸಾಗುತ್ತದೆ. ಇಷ್ಟೇ. ಹೀಗೆ ಒಂದರ ಮೇಲೊಂದು ಸುಮ್ಮನೆ ಹಾಯ್ದಿರುವ ಎಳೆಗಳು ನಾವು ತೊಟ್ಟು, ಎಳೆದು, ಒಗೆದು, ಹಿಂಡಿದರೂ ಚದುರಿಹೋಗದೆ ಇರುವುದು ಆಶ್ಚರ್ಯವಲ್ಲವೆ? ಎಳೆಯೊಳಗೆ ಇಣುಕಿದರೆ ಆಶ್ಚರ್ಯ ಇಮ್ಮಡಿಯಾಗುತ್ತದೆ. ಹತ್ತಿಯ ಒಂದು ತಂತುವಿನ ಉದ್ದ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರು ಮಾತ್ರ. ಅಂತಹ ತುಂಡುಗಳಿಂದ ನೂತ ನೂಲಾದರೋ ನೂರಾರು ಮೀಟರು ಉದ್ದವಿರುತ್ತದೆ.

ಈ ಪ್ರಶ್ನೆ ಇಂದಿನದಲ್ಲ. ೧೬೩೮ರಲ್ಲಿ ಪ್ರಕಟವಾದ, ಎರಡು ಹೊಸ ವಿಜ್ಞಾನಗಳನ್ನು ಕುರಿತ ತನ್ನ ಸಂವಾದಗ್ರಂಥದಲ್ಲಿ ಗೆಲಿಲಿಯೋ ಇದನ್ನೇ ಎತ್ತಿದ್ದಾನೆ: ಎರಡು ಮೂರು ಮೊಳದ ನಾರುಗಳಿಂದ ಮಾಡಿದ ನೂರು ಮೊಳದ ಹಗ್ಗಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ಹುರಿಯಿಂದ ನಾರುಗಳು ಒಂದನ್ನೊಂದು ಬಿಗಿದು ಹಿಡಿಯುತ್ತವೆಂಬುದು ಅವನು ಕಂಡ ಉತ್ತರದ ತಿರುಳು. ಅದು ಸರಿಯೇ, ಆದರೆ ಲೆಕ್ಕ ಪೂರ್ತಿಯಾಗಿರಲಿಲ್ಲ. ೨೦೧೮ರಲ್ಲಿ ಇಂಗ್ಲೆಂಡಿನ ಮೂವರು ಭೌತವಿಜ್ಞಾನಿಗಳು, ವಾರೆನ್, ಬಾಲ್ ಮತ್ತು ಗೋಲ್ಡ್‌ಸ್ಟೈನ್, ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ತಂತುಗಳ ನಡುವಣ ಘರ್ಷಣೆ ಒಂದು ಮಿತಿಗಿಂತ ಕಡಿಮೆಯಿರುವ ತನಕ ಅವು ಜಾರಿಹೋಗುತ್ತವೆ. ಮಿತಿಯನ್ನು ದಾಟಿದೊಡನೆ ಎಳೆತ ಒಂದು ತಂತುವಿನಿಂದ ಇನ್ನೊಂದಕ್ಕೆ ಸಾಗುತ್ತ ಇಡೀ ನೂಲು ಒಂದೇ ವಸ್ತುವಿನಂತೆ ವರ್ತಿಸುತ್ತದೆ ಎಂದು ಅವರು ತೋರಿಸಿದರು. ಸುಮಾರು ೩೮೦ ವರ್ಷಗಳ ಕಾಲ ಪ್ರತಿಯೊಬ್ಬರ ಮೈಮೇಲೂ ಇದ್ದ ಪ್ರಶ್ನೆಯಿದು!

ಇರಲಿ. ನಮ್ಮ ಕಾಲೇಜುಗಳಲ್ಲಿ ಘರ್ಷಣೆಯ ಪಾಠವೆಂದರೆ ಇಳಿಜಾರು ಹಲಗೆಯ ಮೇಲೆ ಜಾರುವ ಮರದ ತುಂಡು. ಅದನ್ನು ಬಿಟ್ಟು ಮುಂದಕ್ಕೆ ಹೋಗುವುದು ಅಪರೂಪ. ಬಟ್ಟೆಯನ್ನು ಅರ್ಥಮಾಡಿಕೊಳ್ಳಲು ಮರದ ತುಂಡು ಸಾಲದು, ಹಗ್ಗ ಬೇಕು. ಪುಂಡ ಹೋರಿಯನ್ನು ಹಿಡಿದ ಹುಡುಗ ಏನು ಮಾಡುತ್ತಾನೆಂಬುದನ್ನು ಹಳ್ಳಿಯ ವಾಚಕರು ಬಲ್ಲರು. ಅವನು ಹೋರಿಯೊಡನೆ ಜಗ್ಗಾಡುವುದಿಲ್ಲ. ಹಗ್ಗವನ್ನು ಹತ್ತಿರದ ಮರಕ್ಕೆ ಎರಡು ಮೂರು ಸುತ್ತು ಸುತ್ತಿ, ಕೊನೆಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಹೋರಿ ಎಷ್ಟು ಸೆಳೆದರೂ ಹಗ್ಗ ಜಾರದು.

ಇದರ ನಿಯಮವನ್ನು ೧೮ನೆಯ ಶತಮಾನದ ಮಹಾಗಣಿತಜ್ಞ ಆಯ್ಲರ್ ವಿವರಿಸಿದ್ದಾನೆ. ಹಗ್ಗ ಕಂಬವನ್ನು ಸುತ್ತಿದ ಕೋನ ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕವು ೦.೩ ಎಂದಿಟ್ಟುಕೊಂಡರೆ ಒಂದು ಪೂರ್ತಿ ಸುತ್ತಿಗೆ ಹಿಡಿತ ೬.೬ ಮಡಿ, ಎರಡು ಸುತ್ತಿಗೆ ಸುಮಾರು ೪೩ ಮಡಿ, ಮೂರು ಸುತ್ತಿಗೆ ಸುಮಾರು ೨೮೫ ಮಡಿ. ಹುಡುಗ ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಡಿದರೆ ಸಾಕು, ೨೮೫ ಕಿಲೋಗ್ರಾಂ ತೂಕದಷ್ಟು ಸೆಳೆತವನ್ನು ಮರ ತಡೆದುಕೊಳ್ಳುತ್ತದೆ.

ಆದರೆ ಗುಣಾಕಾರಕ್ಕೆ ಒಂದು ಷರತ್ತುಂಟು. ಗುಣಿಸುವುದಕ್ಕೆ ಏನಾದರೂ ಇರಬೇಕು. ಹುಡುಗ ಹಗ್ಗದ ತುದಿಯನ್ನು ಪೂರ್ತಿ ಬಿಟ್ಟುಬಿಟ್ಟರೆ ಅವನ ಕಡೆಯ ಬಲ ಸೊನ್ನೆ. ಸೊನ್ನೆಯನ್ನು ೨೮೫ರಿಂದ ಗುಣಿಸಿದರೂ ಬರುವುದು ಸೊನ್ನೆಯೇ. ವಾಚಕರು ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಸೂತಿಯ ಅಂಚಿನ ಕಥೆಯೆಲ್ಲ ಇದರಲ್ಲಿಯೇ ಅಡಗಿದೆ.

ಬಟ್ಟೆಯಲ್ಲಿ ಪ್ರತಿಯೊಂದು ಎಳೆಯೂ ಹಗ್ಗ. ಅದು ದಾಟುವ ಪ್ರತಿಯೊಂದು ಅಡ್ಡ ಎಳೆಯೂ ಪುಟ್ಟ ಕಂಬ. ಒಂದೊಂದು ದಾಟಿನಲ್ಲಿ ಎಳೆ ೪೦ ಡಿಗ್ರಿಯಷ್ಟು ಬಾಗುತ್ತದೆಂದು ಭಾವಿಸಿ ಅದೇ ಘರ್ಷಣಾಂಕವನ್ನು ಬಳಸಿದರೆ, ಹತ್ತು ದಾಟುಗಳಲ್ಲಿ ಹಿಡಿತ ಎಂಟು ಮಡಿಯಾಗುತ್ತದೆ. ಇಪ್ಪತ್ತರಲ್ಲಿ ಅರುವತ್ತಾರು ಮಡಿ. ಇದು ಸ್ಥೂಲವಾದ ಲೆಕ್ಕ. ನೂಲಿನ ಒರಟು, ನೇಯ್ಗೆಯ ಒತ್ತು, ಹಿಟ್ಟುಗಂಜಿ, ಇವೆಲ್ಲ ಸಂಖ್ಯೆಯನ್ನು ಹಿಂದುಮುಂದು ಮಾಡುತ್ತವೆ. ನಿಯಮದ ಸ್ವರೂಪವನ್ನು ಮಾತ್ರ ಬದಲಾಯಿಸುವುದಿಲ್ಲ. ಸೆಂಟಿಮೀಟರಿಗೆ ಇಪ್ಪತ್ತು ಎಳೆಗಳಿರುವ ಸಾಧಾರಣ ಬಟ್ಟೆಯಲ್ಲಿ ಅರುವತ್ತಾರು ಮಡಿ ಹಿಡಿತಕ್ಕೆ ಒಂದೇ ಸೆಂಟಿಮೀಟರು ಸಾಕು. ಆದುದರಿಂದಲೇ ಬಟ್ಟೆಯ ನಡುವಿನ ಎಳೆಯೊಂದನ್ನು ಸೂಜಿಯಿಂದ ಎತ್ತಿ ಎಳೆದರೆ ಅದು ಬರುವುದಕ್ಕಿಂತ ಹರಿಯುವುದೇ ಹೆಚ್ಚು.

ಈಗ ಕತ್ತರಿಸಿದ ಅಂಚಿಗೆ ಬನ್ನಿ. ಕತ್ತರಿ ಆಡಿದ ಜಾಗದಲ್ಲಿ ಎಳೆಯ ತುದಿಯನ್ನು ಹಿಡಿದವರು ಯಾರೂ ಇಲ್ಲ. ಅಲ್ಲಿ ಬಿಗುವು ಸೊನ್ನೆ. ನೇಯ್ಗೆಯಲ್ಲಿ ಮಡಿದು ಮಡಿದು ಎಳೆಗೆ ಬಂದಿರುವ ಸೊಟ್ಟತನವೊಂದೇ ಅದನ್ನು ಅಲ್ಪಸ್ವಲ್ಪ ತಡೆಯುತ್ತದೆ. ಅಂಚಿಗೆ ಸಮಾನಾಂತರವಾಗಿರುವ ಕೊನೆಯ ಎಳೆಯನ್ನು ಕಾಯಬೇಕಾದವರು ಈ ಸಡಿಲ ತುದಿಗಳೇ, ಅವು ಕಾಯುವುದಿಲ್ಲ. ಒಗೆಯುವಾಗ ಒಂದು ಉಜ್ಜು ಬಿದ್ದರೆ ಆ ಎಳೆ ಹೊರಬರುತ್ತದೆ. ಅದು ಹೋದೊಡನೆ ಮುಂದಿನ ಎಳೆ ಅಂಚಿನದಾಗುತ್ತದೆ, ಅದರ ಗತಿಯೂ ಅದೇ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಅಂಗೈಯಗಲದ ಖಾದಿಯ ತುಂಡೊಂದನ್ನು ಎಳೆಯ ನೇರಕ್ಕೆ ಕತ್ತರಿಸಿ, ಅಂಚಿನ ಎಳೆಯನ್ನು ಸೂಜಿಯ ಮೊನೆಯಿಂದ ಪಕ್ಕಕ್ಕೆ ತಳ್ಳಿ. ಅದು ಸಲೀಸಾಗಿ ಬರುತ್ತದೆ. ಹತ್ತನೆಯ ಎಳೆಯನ್ನು, ಅದರ ಹೊರಗಿನವನ್ನು ತೆಗೆಯದೆ, ಹಾಗೆ ತಳ್ಳಿ ನೋಡಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಮಗ್ಗದ ಮೇಲೆಯೇ ಸಿದ್ಧವಾಗುವ ಉದ್ದದ ಅಂಚುಗಳಿಗೆ ಈ ತೊಂದರೆಯಿಲ್ಲ. ಅಲ್ಲಿ ಹೊಕ್ಕಿನ ನೂಲು ಕೊನೆಯ ಹಾಸೆಳೆಯನ್ನು ಬಳಸಿಕೊಂಡು ಹಿಂದಿರುಗುತ್ತದೆ. ಸಡಿಲ ತುದಿಯೆಂಬುದೇ ಇಲ್ಲ. ಆದರೆ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದಾಗ ಸೆರಗಿನ ಕೊನೆಯಲ್ಲಿ ಹಾಸಿನ ಎಳೆಗಳು ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಅವನ್ನು ಹತ್ತಿಪ್ಪತ್ತರಂತೆ ಸೇರಿಸಿ ಗಂಟು ಹಾಕಿ ಕುಚ್ಚು ಕಟ್ಟುವುದು ನಮ್ಮಲ್ಲಿ ರೂಢಿ. ಕುಚ್ಚಿನ ಗಂಟು ಮಾಡುವ ಕೆಲಸವೇನು? ಹೋರಿಯ ಹಗ್ಗದ ತುದಿಯಲ್ಲಿ ಹುಡುಗನ ಕೈ ಮಾಡುವ ಕೆಲಸವನ್ನೇ. ಗಂಟು ಕೊಡುವ ಹಿಡಿತ ಬಲು ಸ್ವಲ್ಪ. ಉಳಿದುದನ್ನು ಸೆರಗಿನ ನೂರಾರು ದಾಟುಗಳು ಗುಣಿಸಿಕೊಳ್ಳುತ್ತವೆ. ತೂಗಾಡುವ ಕುಚ್ಚಿನಲ್ಲಿ ಚೆಲುವನ್ನು ಕಂಡವರು ನಂತರದವರಿರಬೇಕು. ಮೊದಲು ಗಂಟು ಹಾಕಿದವರು ಎಳೆಯನ್ನು ಉಳಿಸಿಕೊಳ್ಳುವ ಯೋಚನೆಯಲ್ಲಿದ್ದರೆಂದು ನನ್ನ ಊಹೆ.

ಕಸೂತಿಯ ಪುಟ್ಟ ಬಟ್ಟೆಯ ಅಂಚಿಗೆ ಹಾಕುವ ಕಾಜಾ ಹೊಲಿಗೆಯೂ ಹೀಗೆಯೇ ವಿಚಾರಾರ್ಹ. ದಾರವು ಅಂಚಿನಿಂದ ನಾಲ್ಕೈದು ಎಳೆ ಒಳಗೆ ಬಟ್ಟೆಯನ್ನು ಹೊಕ್ಕು, ಹೊರಬಂದು, ಅಂಚಿನ ಗೆರೆಯ ಮೇಲೆ ತನ್ನ ಕುಣಿಕೆಯಲ್ಲಿ ತಾನೇ ಸಿಕ್ಕಿಕೊಂಡು ಮುಂದೆ ಸಾಗುತ್ತದೆ. ಕುಣಿಕೆ ಸಡಿಲ ತುದಿಗಳನ್ನು ಅದುಮುತ್ತದೆ. ಹೊಲಿಗೆಯ ಕಾಲು ಅಂಚಿನ ಎಳೆಯನ್ನು ಒಳಗಿನ ಎಳೆಗಳಿಗೆ ಬಿಗಿಯುತ್ತದೆ. ಹೊಲಿಗೆಗಳ ನಡುವಣ ಅಂತರ ಒಳಹೊಕ್ಕ ಆಳಕ್ಕಿಂತ ಹೆಚ್ಚಾದರೆ ನಡುವೆ ಉಳಿದ ತುದಿಗಳು ಅನಾಥವಾಗಿ ಹೊರಗೆ ಇಣುಕತೊಡಗುತ್ತವೆ. ಬಟ್ಟೆಯನ್ನು ಎರಡು ಸಲ ಮಡಿಚಿ ಹೊಲಿಯುವ ಸಾದಾ ಮಡಿಕೆಯಾದರೆ ಕತ್ತರಿಸಿದ ತುದಿಯನ್ನು ಒಳಗೇ ಮುಚ್ಚಿಬಿಡುತ್ತದೆ. ಅದರ ಮೇಲೆ ಲೇಸು ಹಚ್ಚಿದರೆ ಚೆಲುವು ಬೇರೆ, ಭದ್ರತೆ ಬೇರೆ. ಕ್ರೋಶಾ ಅಂಚಿನಲ್ಲಿ ಇವೆರಡೂ ಒಂದೇ ದಾರದಿಂದ ಸಾಧಿಸುತ್ತವೆ. ನನಗೆ ಅದೇ ಹೆಚ್ಚು ಮೆಚ್ಚುಗೆ.

ಸಂಡೂರಿನ ಸುತ್ತಿನ ಲಂಬಾಣಿ ಮಹಿಳೆಯರು ತಮ್ಮ ಕಸೂತಿಯಲ್ಲಿ ಕವಡೆಗಳನ್ನೂ ಮಣಿಗಳನ್ನೂ ಕುಚ್ಚುಗಳನ್ನೂ ಧಾರಾಳವಾಗಿ ಸೇರಿಸುತ್ತಾರೆ. ಅಂಚಿನಲ್ಲಿ ತೂಗುವ ಕವಡೆಗೆ ಇನ್ನೊಂದು ಗುಣವುಂಟು. ಅದರ ತೂಕ ಅಂಚಿನ ಎಳೆಗಳನ್ನು ಸದಾ ಕೆಳಕ್ಕೆ ಸೆಳೆಯುತ್ತಿರುತ್ತದೆ. ಬಟ್ಟೆ ಮುದುರದೆ ನೇರವಾಗಿ ಇಳಿಬೀಳುತ್ತದೆ. ಮೇಜಿನಿಂದ ಕೆಳಕ್ಕೆ ಇಳಿಯುವ ಹಾಸಿಗೆ ಇದು ಚೆನ್ನ. ಹೂದಾನಿಯ ಕೆಳಗಿನ ಬಟ್ಟೆಗೆ ಮಾತ್ರ ಹೊಂದದು. ಹೂದಾನಿ ಮಣಿಯ ಮೇಲೆ ನಿಂತರೆ ಅದರ ಕಥೆ ಮುಗಿಯಿತು.

ದುಂಡು ಬಟ್ಟೆಯ ಎಂಟು ಸ್ಥಾನಗಳು

ಚೌಕದ ಕರವಸ್ತ್ರದ ಅಂಚನ್ನು ಎಳೆಯ ನೇರಕ್ಕೆ ಕತ್ತರಿಸಬಹುದು. ದುಂಡು ಬಟ್ಟೆಗೆ ಆ ಭಾಗ್ಯವಿಲ್ಲ. ವೃತ್ತದ ಸುತ್ತ ಬೆರಳಾಡಿಸಿಕೊಂಡು ಹೋದರೆ ನಾಲ್ಕು ಕಡೆ ಅಂಚು ಎಳೆಗೆ ಸಮಾನಾಂತರವಾಗಿರುತ್ತದೆ. ಅವುಗಳ ನಟ್ಟನಡುವೆ ಇನ್ನು ನಾಲ್ಕು ಕಡೆ ಎಳೆಗಳಿಗೆ ೪೫ ಡಿಗ್ರಿ ಓರೆಯಾಗಿರುತ್ತದೆ. ಈ ಎರಡು ಬಗೆಯ ಸ್ಥಾನಗಳ ಸ್ವಭಾವ ತೀರ ಬೇರೆ. ಮೊದಲಿನ ನಾಲ್ಕು ಕಡೆ ಎಳೆಗಳು ಕಳಚಿಕೊಳ್ಳುತ್ತವೆ. ಓರೆಯ ನಾಲ್ಕು ಕಡೆ ಉದ್ದನೆಯ ಎಳೆಯೊಂದು ಕಳಚಿಬರುವ ಭಯವಿಲ್ಲ. ಅಲ್ಲಿ ಪ್ರತಿಯೊಂದು ಎಳೆಯೂ ಅಂಚನ್ನು ಓರೆಯಾಗಿ ಮುಟ್ಟಿ ನಿಂತುಬಿಡುತ್ತದೆ. ಗರಗಸದ ಹಲ್ಲಿನಂತಹ ಬಾಯುಳ್ಳ ಕತ್ತರಿಯಿಂದ ಅಂಚನ್ನು ಕತ್ತರಿಸುವುದರ ಗುಟ್ಟೂ ಇದೇ: ನೇರ ಅಂಚನ್ನು ಅದು ಪುಟ್ಟ ಪುಟ್ಟ ಓರೆ ಅಂಚುಗಳನ್ನಾಗಿ ಮಾಡುತ್ತದೆ.

ಆದರೆ ಓರೆಯ ಜಾಗಗಳಿಗೆ ಬೇರೊಂದು ರೋಗ. ಕರವಸ್ತ್ರವನ್ನು ಎಳೆಯ ನೇರಕ್ಕೆ ಹಿಡಿದು ಎಳೆದರೆ ಅದು ಹಿಗ್ಗುವುದು ಅತ್ಯಲ್ಪ. ಎದುರುಬದುರು ಮೂಲೆಗಳನ್ನು ಹಿಡಿದು ಎಳೆಯಿರಿ; ತಟಕ್ಕನೆ ಉದ್ದವಾಗುತ್ತದೆ, ಅಷ್ಟೇ ಸಣಕಲಾಗುತ್ತದೆ. ಎಳೆಗಳು ಉದ್ದವಾಗಲಿಲ್ಲ, ಅವು ಸುತ್ತುವರಿದ ಪುಟ್ಟ ಚೌಕಗಳು ವಜ್ರಾಕೃತಿಗೆ ತಿರುಗಿದವು, ಅಷ್ಟೆ. ರಷ್ಯದ ಗಣಿತಜ್ಞ ಚೆಬಿಷೆವ್ ೧೮೭೮ರಲ್ಲಿ ಪ್ಯಾರಿಸ್ಸಿನಲ್ಲಿ ಬಟ್ಟೆ ಕತ್ತರಿಸುವ ವಿಷಯವಾಗಿಯೇ ಒಂದು ಪ್ರಬಂಧವನ್ನೋದಿದನು. ಎಳೆಗಳ ಉದ್ದ ಬದಲಾಗದೆ ಅವುಗಳ ನಡುವಣ ಕೋನ ಮಾತ್ರ ಬದಲಾಗುವುದರಿಂದ ಸಪಾಟಾದ ಬಟ್ಟೆ ಚೆಂಡಿನಂತಹ ಮೈಯನ್ನು ಹೊದೆಯಬಲ್ಲುದೆಂಬ ವಿಚಾರ ಅದರಲ್ಲಿತ್ತು. ಆ ಎಳೆಬಲೆಯ ಗಣಿತಕ್ಕೆ ಇಂದಿಗೂ ಅವನ ಹೆಸರೇ ಇದೆ.

ಕಸೂತಿಗಾರ್ತಿಗೆ ಇದರಿಂದ ಬರುವ ತೊಂದರೆಯೆಂದರೆ, ದುಂಡು ಬಟ್ಟೆಗೆ ಲೇಸು ಹೊಲಿಯುವಾಗ ಕೈಯ ಎಳೆತಕ್ಕೆ ಓರೆಯ ನಾಲ್ಕು ಜಾಗಗಳು ಅರಿವಿಲ್ಲದೆಯೇ ಹಿಗ್ಗುತ್ತವೆ; ನೇರದ ನಾಲ್ಕು ಜಾಗಗಳು ಹಿಗ್ಗುವುದಿಲ್ಲ. ಹೊಲಿದು ಮುಗಿಸಿ ಮೇಜಿನ ಮೇಲಿಟ್ಟರೆ ವೃತ್ತವು ನಾಲ್ಕು ಕಿವಿಗಳುಳ್ಳ ಆಕೃತಿಯಾಗಿರುತ್ತದೆ! ಇದಕ್ಕೆ ಪರಿಹಾರ ಸರಳ. ಕತ್ತರಿಸುವ ಮೊದಲೇ, ಬಟ್ಟೆ ಇನ್ನೂ ಚೌಕವಾಗಿರುವಾಗ, ವೃತ್ತದ ಗೆರೆಯ ಮೇಲೆ ಸಾದಾ ಓಟದ ಹೊಲಿಗೆಯೊಂದನ್ನು ಬಿಗಿಯದೆ ಹಾಕಿಕೊಳ್ಳಬೇಕು. ಆ ದಾರದ ಉದ್ದ ಬದಲಾಗದು. ಆದುದರಿಂದ ಪರಿಧಿಯೂ ಬದಲಾಗದು.

ಇದೇ ದೋಷವನ್ನು ಗುಣವಾಗಿ ಬಳಸಿಕೊಳ್ಳುವ ಉಪಾಯವೂ ಉಂಟು. ದರ್ಜಿಗಳು ಪೈಪಿಂಗಿಗೆ ಬಟ್ಟೆಯನ್ನು ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿ ಕ್ರಾಸ್ ಪಟ್ಟಿ ಮಾಡಿಕೊಳ್ಳುತ್ತಾರೆ. ವೃತ್ತವನ್ನು ಸುತ್ತುವಾಗ ಪಟ್ಟಿಯ ಹೊರಬದಿ ಹಿಗ್ಗಬೇಕು, ಒಳಬದಿ ಕುಗ್ಗಬೇಕು. ನೇರ ಪಟ್ಟಿಗೆ ಅದು ಅಸಾಧ್ಯ, ಸುಕ್ಕುಗಟ್ಟುತ್ತದೆ. ಓರೆ ಪಟ್ಟಿಯಲ್ಲಿ ಪುಟ್ಟ ಚೌಕಗಳು ಹೊರಬದಿಯಲ್ಲಿ ಒಂದು ಕಡೆಗೂ ಒಳಬದಿಯಲ್ಲಿ ಇನ್ನೊಂದು ಕಡೆಗೂ ವಾಲಿ ಕೆಲಸವನ್ನು ಸುಗಮಗೊಳಿಸುತ್ತವೆ.

ಚಿಕ್ಕದಾದಷ್ಟೂ ಕಷ್ಟ

ದೊಡ್ಡ ಮೇಜುಹಾಸಿಗೆ ಲೇಸು ಹಚ್ಚಿದವರು, ಚಿಕ್ಕ ಬಟ್ಟೆಗೆ ಹಚ್ಚುವುದು ಇನ್ನೂ ಸುಲಭವೆಂದುಕೊಂಡು ಕೈಹಾಕಿ ಬೇಸರಪಡುವುದುಂಟು. ಕಾರಣ ಇದು. ಐದು ಸೆಂಟಿಮೀಟರು ತ್ರಿಜ್ಯದ ದುಂಡು ಬಟ್ಟೆಗೆ ಎರಡು ಸೆಂಟಿಮೀಟರು ಅಗಲದ ಲೇಸನ್ನು ಹಚ್ಚುತ್ತೇವೆನ್ನೋಣ. ಬಟ್ಟೆಯ ಪರಿಧಿ ೩೧.೪ ಸೆಂಟಿಮೀಟರು. ಲೇಸಿನ ಹೊರಬದಿಯ ತ್ರಿಜ್ಯ ಏಳು ಸೆಂಟಿಮೀಟರಾದ್ದರಿಂದ ಅಲ್ಲಿನ ಪರಿಧಿ ೪೪. ಹೊರಬದಿಗೆ ೧೨.೬ ಸೆಂಟಿಮೀಟರು ಹೆಚ್ಚಿಗೆ ಬೇಕು. ಈಗ ಐವತ್ತು ಸೆಂಟಿಮೀಟರು ತ್ರಿಜ್ಯದ ದೊಡ್ಡ ಹಾಸನ್ನು ತೆಗೆದುಕೊಳ್ಳಿ. ಒಳಗೆ ೩೧೪.೨, ಹೊರಗೆ ೩೨೬.೭, ವ್ಯತ್ಯಾಸ ಮತ್ತೆ ಅದೇ ೧೨.೬ ಅಥವಾ ಕೂದಲೆಳೆಯಷ್ಟು ಆಚೀಚೆ! ಇಡೀ ಭೂಮಿಗೇ ಲೇಸು ಹಚ್ಚಿದರೂ ವ್ಯತ್ಯಾಸ ಅಷ್ಟೆ. ಅದು ಬಟ್ಟೆಯ ಗಾತ್ರವನ್ನು ಅವಲಂಬಿಸಿಲ್ಲ. ಲೇಸಿನ ಅಗಲದ ೨π ಮಡಿ, ಅಂದರೆ ೬.೨೮ ಮಡಿ, ಇರುತ್ತದೆ.

ವ್ಯತ್ಯಾಸ ಒಂದೇ ಆದರೂ ಹಂಚಿಕೆ ಒಂದೇ ಅಲ್ಲ. ದೊಡ್ಡ ಹಾಸಿನಲ್ಲಿ ಲೇಸಿನ ಹೊರಬದಿ ನೂರಕ್ಕೆ ನಾಲ್ಕು ಪಾಲು ಹಿಗ್ಗಿದರೆ ಸಾಕು. ಯಾವ ಲೇಸಾದರೂ ಅಷ್ಟು ಸಹಿಸುತ್ತದೆ. ಚಿಕ್ಕ ಬಟ್ಟೆಯಲ್ಲಿ ನೂರಕ್ಕೆ ನಲವತ್ತು ಪಾಲು ಹಿಗ್ಗಬೇಕು. ಅಂಗಡಿಯಿಂದ ತಂದ ನೇರ ಲೇಸನ್ನು ೩೧.೪ ಸೆಂಟಿಮೀಟರು ಕತ್ತರಿಸಿ ಹೊಲಿದರೆ ಹೊರಬದಿಯಲ್ಲಿ ಜಾಗ ಸಾಲದೆ ಅದು ಮೇಲಕ್ಕೆದ್ದು ನಿಲ್ಲುತ್ತದೆ, ಬಟ್ಟೆ ಬಟ್ಟಲಾಗುತ್ತದೆ. ಲೇಸನ್ನು ೪೪ ಸೆಂಟಿಮೀಟರು ತೆಗೆದುಕೊಂಡು, ಅದರ ಒಳಬದಿಯಲ್ಲಿ ದಾರವೋಡಿಸಿ ೩೧.೪ಕ್ಕೆ ನೆರಿಗೆ ಹಿಡಿದು ಹೊಲಿಯಬೇಕು. ಹೊಲಿಯುವ ಮೊದಲು ಬಟ್ಟೆಯ ಸುತ್ತನ್ನೂ ಲೇಸನ್ನೂ ಎಂಟೆಂಟು ಸಮಭಾಗ ಮಾಡಿ ಗುಂಡುಸೂಜಿ ಚುಚ್ಚಿಕೊಂಡರೆ ನೆರಿಗೆ ಒಂದೇ ಕಡೆ ರಾಶಿಬೀಳುವುದಿಲ್ಲ.

ಕ್ರೋಶಾ ಹೆಣೆಯುವವರು ಈ ಲೆಕ್ಕವನ್ನು ಬಾಯಿಪಾಠ ಬಲ್ಲರು, π ಎಂಬ ಅಕ್ಷರವನ್ನು ಎಂದೂ ಕಾಣದಿದ್ದರೂ. ಸಿಂಗಲ್ ಕ್ರೋಶಾ ಎಂಬ ಗಿಡ್ಡ ಹೆಣಿಗೆಯಲ್ಲಿ ದುಂಡನೆಯ ತಟ್ಟೆ ಹೆಣೆಯಬೇಕಾದರೆ ಪ್ರತಿ ಸುತ್ತಿನಲ್ಲಿಯೂ ಆರು ಕಣ್ಣುಗಳನ್ನು ಹೆಚ್ಚಿಸಬೇಕೆಂಬುದು ಅವರ ಸೂತ್ರ. ಆರೇ ಏಕೆ? ಆ ಹೆಣಿಗೆಯಲ್ಲಿ ಒಂದು ಕಣ್ಣಿನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಒಂದು ಸುತ್ತು ಹೆಣೆದರೆ ತ್ರಿಜ್ಯ ಒಂದು ಕಣ್ಣಿನಷ್ಟು ಬೆಳೆಯುತ್ತದೆ, ಪರಿಧಿ ೬.೨೮ ಕಣ್ಣುಗಳಷ್ಟು ಬೆಳೆಯಬೇಕು. ಕಣ್ಣನ್ನು ಒಡೆಯಲಾಗದು, ಆದ್ದರಿಂದ ಆರು. ಸುಮಾರು ಇಮ್ಮಡಿ ಎತ್ತರದ ಹೆಣಿಗೆಯಲ್ಲಿ ಈ ಸಂಖ್ಯೆ ಹನ್ನೆರಡು. ಕಸೂತಿ ಬಟ್ಟೆಯ ಸುತ್ತ ಅಂಚು ಹೆಣೆಯುವಾಗಲೂ ಇದೇ ಸೂತ್ರ. ಬಟ್ಟೆ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಮೊದಲ ಸುತ್ತು ಸಪಾಟಾಗಿ ಕುಳಿತಿದ್ದರೆ ಮುಂದಿನ ಪ್ರತಿ ಸುತ್ತಿಗೂ ಆರೇ ಕಣ್ಣು ಸೇರಿಸಬೇಕು. ಗಣಿತ ಓದಿದವರಿಗೂ ಇದು ಮೊದಲ ಕೇಳ್ವಿಗೆ ನಂಬಿಕೆ ಬಾರದ ಮಾತು.

ಆರಕ್ಕಿಂತ ಕಡಿಮೆಯಾದರೆ ಬಟ್ಟಲು. ಬಹಳ ಹೆಚ್ಚಾದರೆ ಅಂಚು ಹೂವಿನ ದಳದಂತೆ ಅಲೆಯಲೆಯಾಗಿ ಏಳುತ್ತದೆ. ಈ ಅಲೆಯಂಚನ್ನು ಬೇಕೆಂದೇ ಮಾಡುವವರೂ ಇದ್ದಾರೆ, ಅದು ಸೊಗಸಾಗಿಯೂ ಇರುತ್ತದೆ. ಯೂಕ್ಲಿಡನ ಸಮಾನಾಂತರ ರೇಖೆಗಳ ನಿಯಮ ನಡೆಯದ ಒಂದು ಬಗೆಯ ರೇಖಾಗಣಿತವನ್ನು ೧೯ನೆಯ ಶತಮಾನದಲ್ಲಿ ಕಂಡುಹಿಡಿದರಷ್ಟೆ. ಆ ಗಣಿತದ ಮೈಯನ್ನು ಕೈಯಲ್ಲಿ ಹಿಡಿದು ತೋರಿಸುವಂತಹ ಬಾಳಿಕೆಯ ಮಾದರಿ ಬಹುಕಾಲ ಇರಲಿಲ್ಲ. ೧೯೯೭ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಗಣಿತಜ್ಞೆ ಡೈನಾ ತೈಮಿನಾ ಅವರು ಕ್ರೋಶಾ ಕಡ್ಡಿ ಹಿಡಿದು, ಕಣ್ಣುಗಳನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗಿ, ಅಂತಹ ಮಾದರಿಯನ್ನು ಹೆಣೆದರು. ನೋಡಲು ಅದು ಅತಿಯಾಗಿ ನೆರಿಗೆಗೊಂಡ ಲೇಸಿನಂತೆಯೇ ಇದೆ.

ಚೌಕದ ಕರವಸ್ತ್ರಕ್ಕೆ ಬಂದರೆ, ನಾಲ್ಕು ಬದಿಗಳಲ್ಲಿ ಲೇಸಿಗೆ ಯಾವ ಹೆಚ್ಚಳವೂ ಬೇಡ. ಸಾಲವೆಲ್ಲ ನಾಲ್ಕು ಮೂಲೆಗಳ ಮೇಲೆ ಬೀಳುತ್ತದೆ. ಮೂಲೆಯನ್ನು ಚೂಪಾಗಿ ಬಿಡುವುದಾದರೆ ಒಂದೊಂದು ಮೂಲೆಗೂ ಲೇಸಿನ ಅಗಲದ ಎರಡರಷ್ಟು ಹೆಚ್ಚಿಗೆ ಬೇಕು. ಎರಡು ಸೆಂಟಿಮೀಟರಿನ ಲೇಸಿಗೆ ಮೂಲೆಯೊಂದಕ್ಕೆ ನಾಲ್ಕು, ಒಟ್ಟು ಹದಿನಾರು ಸೆಂಟಿಮೀಟರು. ಮೂಲೆಯಲ್ಲಿ ಲೇಸನ್ನು ದುಂಡಗೆ ತಿರುಗಿಸಿದರೆ ಒಟ್ಟು ೧೨.೬ ಸಾಕು. ಅಂಗಡಿಯಲ್ಲಿ ಅಳತೆ ಹೇಳುವಾಗ ಇದನ್ನು ಮರೆತವರ ಕರವಸ್ತ್ರದಲ್ಲಿ ಕೊನೆಯ ಮೂಲೆ ಯಾವಾಗಲೂ ಮುದುರಿಕೊಂಡಿರುತ್ತದೆ.

ಮೂಲೆಯ ಮಾತು ಬಂದುದರಿಂದ ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಯನ್ನು ನೆನೆಯದಿರಲಾಗದು. ಅದು ಪುಟ್ಟ ಕಸೂತಿಯಲ್ಲ, ಹೊದಿಕೆ. ಆದರೆ ಅಂಚಿನ ಶಾಸ್ತ್ರವನ್ನು ಅದರಷ್ಟು ಚೆನ್ನಾಗಿ ತಿಳಿದ ಕೈಗಾರಿಕೆ ಕಡಿಮೆ. ನಾವು ನಡುವಿನಿಂದ ತೊಡಗಿ ಅಂಚನ್ನು ಕೊನೆಗೆ ಬಿಟ್ಟರೆ, ಅವರು ಮೂಲೆಯಿಂದ ತೊಡಗಿ, ಅಂಚುಗಳನ್ನು ಮಡಿಚಿ ಹೊಲಿದುಕೊಂಡು, ಸುತ್ತು ಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಕತ್ತರಿಸಿದ ತುದಿಯೊಂದೂ ಹೊರಗೆ ಉಳಿಯುವುದಿಲ್ಲ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಮಾಡಿದ 'ಹೂವು'ಗಳನ್ನು ಸೇರಿಸುತ್ತಾರೆ. ಅದಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ.

ನೀರು ಹಾಕುವ ಪರೀಕ್ಷೆ

ಲೆಕ್ಕವೆಲ್ಲ ಸರಿಯಾಗಿದ್ದು, ಹೊಲಿಗೆ ಸಪಾಟಾಗಿ ಕುಳಿತಿದ್ದರೂ ಮೊದಲ ಒಗೆತದಲ್ಲಿ ಎಲ್ಲ ಕೆಡುವುದುಂಟು. ಹತ್ತಿಯ ತಂತು ನೀರು ಕುಡಿದಾಗ ಉದ್ದದಲ್ಲಿ ಹೆಚ್ಚು ಬದಲಾಗುವುದಿಲ್ಲ. ದಪ್ಪದಲ್ಲಿ ಮಾತ್ರ ಸುಮಾರು ಐದರಲ್ಲೊಂದು ಪಾಲು ಉಬ್ಬುತ್ತದೆ. ಎಳೆಗಳು ದಪ್ಪವಾದುವೆಂದರೆ ಅವುಗಳನ್ನು ಬಳಸಿ ಹೋಗುವ ಅಡ್ಡ ಎಳೆಗಳ ದಾರಿ ದೀರ್ಘವಾಯಿತು. ಎಳೆ ಉದ್ದವಾಗಲಾರದು, ಆದುದರಿಂದ ಬಟ್ಟೆಯೇ ಗಿಡ್ಡವಾಗುತ್ತದೆ. ಒಣಗಿದ ಮೇಲೆ ತಂತು ಮೊದಲಿನಂತಾದರೂ ಘರ್ಷಣೆ ಎಳೆಗಳನ್ನು ಹೊಸ ಸ್ಥಾನದಲ್ಲಿಯೇ ಹಿಡಿದಿರುತ್ತದೆ. ನೈಲಾನ್, ಪಾಲಿಯೆಸ್ಟರ್ ದಾರಗಳು ಹೀಗೆ ನೀರು ಕುಡಿಯುವುದಿಲ್ಲ.

ಈಗ ಹತ್ತಿಯ ಬಟ್ಟೆಗೆ ನೈಲಾನ್ ಲೇಸು ಹಚ್ಚಿದೆಯೆನ್ನಿ. ಬಟ್ಟೆಯ ತ್ರಿಜ್ಯ ಹತ್ತು ಸೆಂಟಿಮೀಟರು, ಪರಿಧಿ ೬೨.೮. ಒಗೆದಾಗ ಬಟ್ಟೆ ನೂರಕ್ಕೆ ಮೂರು ಪಾಲು ಕುಗ್ಗಿದರೆ ಪರಿಧಿ ೬೦.೯ಕ್ಕೆ ಇಳಿಯುತ್ತದೆ, ಲೇಸು ೬೨.೮ರಲ್ಲಿಯೇ ಉಳಿಯುತ್ತದೆ. ಹೆಚ್ಚಾದುದು ಎರಡು ಸೆಂಟಿಮೀಟರೂ ಇಲ್ಲ. ಆದರೆ ಅದು ಎಂಟು ಅಲೆಗಳಾಗಿ ಹಂಚಿಹೋದರೆ ಒಂದೊಂದು ಅಲೆಯೂ ನಾಲ್ಕು ಮಿಲಿಮೀಟರು ಮೇಲಕ್ಕೆ, ನಾಲ್ಕು ಮಿಲಿಮೀಟರು ಕೆಳಕ್ಕೆ ಹೊರಳುತ್ತದೆಂದು ಲೆಕ್ಕ ಹೇಳುತ್ತದೆ. ಬಿಸಿಮಾಡಿದಾಗ ಎರಡು ಲೋಹಗಳ ಜೋಡಿಪಟ್ಟಿ ಬಾಗುವುದನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹೊಸದಲ್ಲ. ಇಸ್ತ್ರಿಯಿಂದ ಇದು ಹೋಗುವುದಿಲ್ಲ. ಹೋದಂತೆ ಕಂಡರೂ ಮರಳಿ ಬರುತ್ತದೆ. ಎಳೆಯೆಣಿಸಿ ಮಾಡಿದ ಹತ್ತಿಯ ಕಸೂತಿಗೆ ಹೊಳೆಯುವ ನೈಲಾನ್ ಲೇಸನ್ನು ಹಚ್ಚುವ ಈಗಿನ ಚಾಳಿಯನ್ನು ನಾನು ಒಪ್ಪದಿರುವುದಕ್ಕೆ ಅಭಿರುಚಿಯೊಂದೇ ಕಾರಣವಲ್ಲ.

ಹತ್ತಿಯ ಬಟ್ಟೆಗೆ ಹತ್ತಿಯ ಲೇಸೇ ಇರಲಿ. ಕಸೂತಿಗೆ ಸೂಜಿ ಹಾಕುವ ಮೊದಲೇ ಬಟ್ಟೆಯನ್ನೂ ಲೇಸನ್ನೂ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಬೇಕು, ಕುಗ್ಗುವುದು ಕುಗ್ಗಿಹೋಗಲಿ. ಬಣ್ಣದ ದಾರವಾದರೆ ಬಣ್ಣ ಬಿಡುವುದೋ ಎಂದು ಬಿಳಿಯ ಚಿಂದಿಯಲ್ಲಿ ಒತ್ತಿ ನೋಡುವುದೂ ಅದೇ ವೇಳೆಗೆ ಆಗಿಬಿಡುತ್ತದೆ.

ಅಂಚು ಒಂದು ಸುತ್ತು ಬಂದು ಸೇರಿದ ಮೇಲೆ ಉಳಿಯುವುದು ದಾರದ ಕೊನೆ. ಅನೇಕರು ಇಲ್ಲಿ ದೊಡ್ಡದೊಂದು ಗಂಟು ಹಾಕುತ್ತಾರೆ. ಗಂಟು ಹಿಂಬದಿಯಲ್ಲಿ ಉಬ್ಬಿ ನಿಂತು ಇಸ್ತ್ರಿಯ ಕೆಳಗೆ ಮುಂಬದಿಗೆ ಅಚ್ಚೊತ್ತುತ್ತದೆ. ಒಗೆಯುವಾಗ ಮೊದಲು ಸವೆಯುವುದೂ ಅದೇ. ಧಾರವಾಡದ ಕಸೂತಿಯಲ್ಲಿ ಗಂಟೇ ಇಲ್ಲ. ಗವಂತಿ ಹೊಲಿಗೆಯಲ್ಲಿ ದಾರ ಒಂದು ಎಳೆಬಿಟ್ಟು ಒಂದರಂತೆ ಹೋಗಿ, ಬಿಟ್ಟ ಜಾಗವನ್ನು ತುಂಬಿಕೊಂಡು ಅದೇ ಹಾದಿಯಲ್ಲಿ ಹಿಂದಿರುಗುತ್ತದೆ, ಎರಡು ಮುಖಗಳೂ ಒಂದೇ ಆಗಿ ಕಾಣುತ್ತವೆ. ಅಂಚಿಗೂ ಆ ಕ್ರಮವೇ ಲೇಸು. ದಾರದ ಕೊನೆಯನ್ನು ಹಿಂಬದಿಯ ಆರು ಹೊಲಿಗೆಗಳ ಕೆಳಗೆ ನುಸುಳಿಸಿ, ಏಳನೆಯದನ್ನು ಸುತ್ತಿಸಿ, ಬಂದ ಹಾದಿಯಲ್ಲಿಯೇ ಮತ್ತೆ ನಾಲ್ಕರ ಕೆಳಗೆ ತರಬೇಕು. ಆ ಒಂದು ತಿರುವೇ ಹಿಡಿತವನ್ನು ಎರಡೂವರೆ ಮಡಿ ಮಾಡುತ್ತದೆ. ಕೊನೆಯ ನಾಲ್ಕು ಹೊಲಿಗೆಗಳ ಅದುಮು ಹುಡುಗನ ಕೈಯಂತೆ ತುದಿಯನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಮೆಲ್ಲನೆ ಎಳೆದು ನೋಡಿ, ಜಾರದಿದ್ದರೆ, ದಾರವನ್ನು ಬಟ್ಟೆಯ ಮಟ್ಟಕ್ಕೆ ಕತ್ತರಿಸಬಹುದು.